ತೋಟದಲ್ಲಿ ಸಿಗ್ನಲ್ ಏಕೆ ನಿಲ್ಲದು? ಬೀದರಿನ ಬಯಲಲ್ಲಿ ಕಲಿತ ಪಾಠ

ಸಂಘದ ಕಳೆದ ಸರ್ವಸದಸ್ಯರ ಸಭೆಯಲ್ಲಿ ಬಂದ ಒಂದು ಬೇಡಿಕೆ ಸದಸ್ಯರಿಗೆ ನೆನಪಿರಬಹುದು. ಗೊಬ್ಬರ, ಮೈಲುತುತ್ತ, ಸುಣ್ಣಗಳನ್ನು ಸಂಘವು ಒಟ್ಟಾಗಿ ಖರೀದಿಸಿ ಹಂಚುವ ಹಾಗೆಯೇ, ಮೊಬೈಲ್ ಸಿಗ್ನಲ್ ಹೆಚ್ಚಿಸುವ 'ಬೂಸ್ಟರ್' ಪೆಟ್ಟಿಗೆಗಳನ್ನೂ ತರಿಸಿ ಕಂತಿನ ಮೇಲೆ ಕೊಡಬೇಕು ಎಂಬುದು ಆ ಬೇಡಿಕೆ. ಕಾರ್ಯದರ್ಶಿಯಾಗಿ ನಾವು ಅಂದು ತಲೆಯಾಡಿಸಿದ್ದೆವು. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಕಾರಣವನ್ನು ಒಂದು ಸಾಲಿನ ಸುತ್ತೋಲೆಯಲ್ಲಿ ಹೇಳಿ ಮುಗಿಸುವಂತಿಲ್ಲ. ಆದುದರಿಂದ ಈ ಲೇಖನ.

ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಇಂದು ಬೆಳೆ ಸಮೀಕ್ಷೆಯ ಚಿತ್ರ, ಪಿ.ಎಂ. ಕಿಸಾನ್‌ನ ಇ-ಕೆವೈಸಿ, ಪಹಣಿ, ಅಡಿಕೆ ಧಾರಣೆ, ಬ್ಯಾಂಕಿನ ಜಮಾ, ಎಲ್ಲವೂ ಕೈಯಲ್ಲಿರುವ ಫೋನಿನ ಮೂಲಕವೇ ಆಗಬೇಕು. ನಮ್ಮ ಕಚೇರಿಯ ಜಗಲಿಗೆ ಬರುವವರಲ್ಲಿ ಅರ್ಧ ಜನ ಗೊಬ್ಬರಕ್ಕಾಗಿ ಬರುವುದಿಲ್ಲ, ಓಟಿಪಿಗಾಗಿ ಬರುತ್ತಾರೆ. ಎಪ್ಪತ್ತು ದಾಟಿದ ಸದಸ್ಯರೊಬ್ಬರು ತಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ, ಒಂದು ಬಂಡೆಯ ಮೇಲೆ ನಿಂತು, ಆರು ಅಂಕೆಗಳನ್ನು ಕೂಗಿ ಹೇಳಿದರೆ ಕೆಳಗೆ ಅಂಗಳದಲ್ಲಿ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಆ ಬಂಡೆಗೆ ಮನೆಯವರು 'ನೆಟ್‌ವರ್ಕ್ ಕಲ್ಲು' ಎಂದೇ ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಆ ಕಲ್ಲು ಪಾಚಿ ಕಟ್ಟಿ ಜಾರುತ್ತದೆ.

ಕಳೆದ ಅಕ್ಟೋಬರ್ ಕೊನೆಯಲ್ಲಿ, ಕಾಫಿ ಕುಯ್ಲು ಶುರುವಾಗುವ ಮುನ್ನ, ಆಡಳಿತ ಮಂಡಳಿಯ ನಾಲ್ವರು ಬೀದರಿಗೆ ಹೋಗಿದ್ದೆವು. ಸ್ವಸಹಾಯ ಸಂಘಗಳ ಕೆಲಸಕ್ಕೆ ಹೆಸರಾದ ಅಲ್ಲಿಯ ಡಿ.ಸಿ.ಸಿ. ಬ್ಯಾಂಕಿನ ವ್ಯವಸ್ಥೆ ನೋಡುವುದು ಉದ್ದೇಶ. ಅದರ ವರದಿ ಬೇರೆಯಾಗಿ ಬರಲಿದೆ. ಬೀದರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುವ ನಮ್ಮ ಅಕ್ಕನ ಮಗ ಮೂರು ದಿನ ನಮ್ಮೊಡನೆ ತಿರುಗಾಡಿದ. ಬೂಸ್ಟರ್ ವಿಷಯ ಎತ್ತಿದ ಕೂಡಲೇ ಅವನು, "ಮಾವ, ಪೆಟ್ಟಿಗೆ ಕೊಳ್ಳೋದು ಆಮೇಲೆ. ಸಿಗ್ನಲ್ ಎಲ್ಲಿ ಸಾಯುತ್ತೆ ಅನ್ನೋದನ್ನ ಮೊದಲು ನೋಡಿ" ಎಂದ. ಪದವಿಯಲ್ಲಿ ಭೌತಶಾಸ್ತ್ರ ಓದಿ ಮೂವತ್ತು ವರ್ಷವಾದ ನಮಗೆ ಅಲ್ಲಿಂದ ಪಾಠ ಮತ್ತೆ ಮೊದಲಿನಿಂದ ಶುರುವಾಯಿತು.

ಚೌಬಾರದ ಲೆಕ್ಕ

ಬೀದರ ಹಳೆಯ ಊರಿನ ನಡುವೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರ ಎಂಬ ದುಂಡನೆಯ ಕಾವಲು ಗೋಪುರವಿದೆ. ಎತ್ತರ 71 ಅಡಿ. ಹಿಂದೆ ಅದರ ಮೇಲೆ ನಿಂತ ಕಾವಲುಗಾರನಿಗೆ ನಾಲ್ಕೂ ದಿಕ್ಕಿನಲ್ಲಿ ಬರುವವರು ಕಾಣುತ್ತಿದ್ದರು. ಎಷ್ಟು ದೂರದವರೆಗೆ? ಭೂಮಿ ದುಂಡಗಿರುವುದರಿಂದ ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 71 ಅಡಿ ಎಂದರೆ ಸುಮಾರು 21.6 ಮೀಟರ್, ದೂರ ಸುಮಾರು 16 ಕಿಲೋಮೀಟರ್. 40 ಮೀಟರಿನ ಮೊಬೈಲ್ ಟವರಿಗೆ ಇದೇ ಲೆಕ್ಕದಲ್ಲಿ 22 ಕಿಲೋಮೀಟರ್. ರೇಡಿಯೋ ಅಲೆ ಗಾಳಿಯಲ್ಲಿ ತುಸು ಬಾಗುವುದರಿಂದ ಇನ್ನೂ ನಾಲ್ಕು ಕಿಲೋಮೀಟರ್ ಹೆಚ್ಚು.

ಇದು ಸಮತಟ್ಟಾದ ನೆಲದ ಲೆಕ್ಕ. ಬೀದರ ನಗರವಿರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಬಳಿ ನಿಂತರೆ ಕೆಳಗೆ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ಟವರಿನ ಕಣ್ಣಿಗೆ ಬೀಳದ ಜಾಗ ಕಡಿಮೆ. ನಮ್ಮಲ್ಲಿ? ಅದೇ ಟವರನ್ನು ನಮ್ಮ ಊರಿಗೆ ತಂದು ನಿಲ್ಲಿಸಿದರೆ, ಎದುರಿನ ಗುಡ್ಡದ ಆಚೆ ಒಂದು ಕಿಲೋಮೀಟರಿನಲ್ಲಿರುವ ಮನೆಗೂ ಅದು ಕಾಣದು. ನಾವು ತೋಟ ಮಾಡಿರುವುದೇ ಕಣಿವೆಯಲ್ಲಿ; ಅಡಿಕೆಗೆ ನೀರು ಅಲ್ಲಿದೆ. ನೀರು ಇಳಿಯುವ ಜಾಗಕ್ಕೆ ಅಲೆ ಇಳಿಯುವುದಿಲ್ಲ.

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಲು ಗುಡ್ಡದ ನೆತ್ತಿಗೆ ಉದ್ದದ ಬಿದಿರಿನ ಗಳ ಹೊತ್ತು, ಆಂಟೆನಾ ಕಟ್ಟಿ, ಅಲ್ಲಿಂದ ಮನೆಯವರೆಗೆ ಚಪ್ಪಟೆ ತಂತಿ ಎಳೆದವರು ನಮ್ಮಲ್ಲಿ ಹಲವರಿದ್ದಾರೆ. ಆಗ ಈ ಪಾಠ ನಮಗೆ ಗೊತ್ತಿತ್ತು. ಫೋನಿನಲ್ಲಿ ಆಂಟೆನಾ ಕಣ್ಣಿಗೆ ಕಾಣದಂತಾದ ಮೇಲೆ ಮರೆತುಹೋಯಿತು.

ಔರಾದಿನ ಹೊಲದಲ್ಲಿ

ಎರಡನೆಯ ದಿನ ಔರಾದಿಗೆ ಹೋದೆವು. ರಾಜ್ಯದ ತೀರ ಉತ್ತರದ ತುದಿ; ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸೋಯಾ ಕಟಾವು ಮುಗಿದಿತ್ತು, ತೊಗರಿ ಹೂವಿಗೆ ಬಂದಿತ್ತು. ಮರದ ನೆರಳಿಲ್ಲದ ಆ ಹೊಲದಲ್ಲಿ ಫೋನು ತೆಗೆದರೆ ಗೆರೆಗಳು ತುಂಬಿ ನಿಂತಿದ್ದವು. ನಮಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಹೊಲದ ಯಜಮಾನರು, "ಹೊಲದಾಗ ಬರ್ತದ್ರಿ, ಮನಿಯಾಗ ಬರಲ್ರಿ" ಎಂದರು. ಅವರ ಮನೆ ದಪ್ಪ ಗೋಡೆಯದು, ಮೇಲೆ ತಗಡಿನ ಹೊದಿಕೆ. ತಗಡು ರೇಡಿಯೋ ಅಲೆಗೆ ಕನ್ನಡಿಯಿದ್ದಂತೆ. ಒಳಗೆ ಬಿಡದೆ ತಿರುಗಿಸಿ ಕಳಿಸುತ್ತದೆ. ಹೆಂಚು ತೆಗೆದು ತಗಡು ಹಾಕಿಸಿದ ಮೇಲೆ ಸಿಗ್ನಲ್ ಹೋಯಿತೆಂದು ನಮ್ಮಲ್ಲೂ ಕೆಲವರು ದೂರುತ್ತಾರೆ, ಅದು ಭ್ರಮೆಯಲ್ಲ.

ಅಲ್ಲಿ ಇನ್ನೊಂದು ವಿಶೇಷ. ಒಂದು ದಿಬ್ಬ ದಾಟುವಷ್ಟರಲ್ಲಿ ನಮ್ಮ ಫೋನು ಮಹಾರಾಷ್ಟ್ರದ ಟವರಿಗೆ ಹಾರಿತು. ರಾಜ್ಯದ ಗಡಿ ಮನುಷ್ಯರಿಗೆ, ಅಲೆಗಲ್ಲ. ಫೋನು ತನಗೆ ಹೆಚ್ಚು ಚೆನ್ನಾಗಿ ಕೇಳಿಸುವ ಟವರನ್ನು ಆರಿಸಿಕೊಳ್ಳುತ್ತ ಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಮಾತು ಕಡಿಯದೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವುದೂ ಹೀಗೆಯೇ. ಹಗ್ಗ ಹಿಡಿದು ಮರದಿಂದ ಮರಕ್ಕೆ ದಾಟುವ ಕೊನೆಗಾರನಂತೆ, ಮುಂದಿನದನ್ನು ಗುರುತು ಮಾಡಿಕೊಂಡೇ ಹಿಂದಿನದನ್ನು ಬಿಡುತ್ತದೆ. ಬೇರೆ ರಾಜ್ಯದ ವಲಯಕ್ಕೆ ಹಾರಿದಾಗ ಫೋನಿನಲ್ಲಿ 'ಡೇಟಾ ರೋಮಿಂಗ್' ಮುಚ್ಚಿದ್ದರೆ, ಗೆರೆ ಪೂರ್ತಿ ಇದ್ದರೂ ಇಂಟರ್‌ನೆಟ್ ಬಾರದಿರಬಹುದು. ಕಾಸರಗೋಡಿನ ಗಡಿಯಲ್ಲಿರುವ ನಮ್ಮ ಓದುಗರು ಇದೊಂದನ್ನು ನೋಡಿಕೊಳ್ಳಲಿ. ಖರ್ಚಿಲ್ಲದ ಔಷಧ.

ಆ ರೈತರಿಗೆ ಸಿಗ್ನಲ್ ಏಕೆ ಮುಖ್ಯ ಎಂಬುದನ್ನೂ ಹೇಳಬೇಕು. ತೊಗರಿ, ಉದ್ದು, ಸೋಯಾಗಳಿಗೆ ಫಸಲ್ ಬಿಮಾ ಮಾಡಿಸಿದವರು ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಮಳೆ ಹೊಡೆದ ದಿನವೇ ವಿದ್ಯುತ್ತೂ ಹೋಗಿ ಟವರೂ ಮಲಗಿದರೆ, ಆ 72 ಗಂಟೆಯಲ್ಲಿ ಎಷ್ಟು ಉಳಿಯಿತು?

ಫೋನು ಕೇಳುವ ಯಂತ್ರವಷ್ಟೇ ಅಲ್ಲ

ಇಲ್ಲಿಯೇ ನಾವು ಇಷ್ಟು ವರ್ಷ ತಪ್ಪು ತಿಳಿದಿದ್ದೆವು. ಆಕಾಶವಾಣಿ ಕೇಳುವ ರೇಡಿಯೋ ಬರೀ ಕೇಳುತ್ತದೆ. ಮೊಬೈಲ್ ಹಾಗಲ್ಲ, ಅದು ಟವರಿಗೆ ಉತ್ತರವನ್ನೂ ಕೊಡಬೇಕು. ಟವರಿನದು ಹತ್ತಾರು ವಾಟಿನ ದೊಡ್ಡ ಗಂಟಲು. ನಮ್ಮ 4ಜಿ ಫೋನಿನ ಗಂಟಲು ಎಷ್ಟು ಗೊತ್ತೇ? ಹೆಚ್ಚೆಂದರೆ ಒಂದು ವಾಟಿನ ಐದನೆಯ ಒಂದು ಪಾಲು. ಆದುದರಿಂದ ಟವರಿನ ಕೂಗು ನಮಗೆ ಕೇಳಿ ಗೆರೆ ಎರಡು ತೋರಿಸುತ್ತಿರುತ್ತದೆ. ನಮ್ಮ ಪಿಸುಮಾತು ಟವರಿಗೆ ಮುಟ್ಟುವುದಿಲ್ಲ. ಚಿತ್ರ ಕಳಿಸುವಾಗ ಚಕ್ರ ತಿರುಗುತ್ತಲೇ ಇರುತ್ತದೆ.

ಹಳೆಯ ಗುಂಡಿ ಫೋನು ಸಿಗುತ್ತಿದ್ದ ಜಾಗದಲ್ಲಿ ಹೊಸ ದುಬಾರಿ ಫೋನು ಸಿಗುವುದಿಲ್ಲವೇಕೆ ಎಂದು ಸದಸ್ಯರು ಕೇಳುತ್ತಿರುತ್ತಾರೆ. ಉತ್ತರದ ಒಂದು ಭಾಗ ಇಲ್ಲಿದೆ. 900 ಮೆಗಾಹರ್ಟ್ಸ್‌ನ 2ಜಿ ಫೋನು ಎರಡು ವಾಟಿನವರೆಗೆ ಕೂಗಬಲ್ಲದು, 4ಜಿ ಫೋನಿನ ಹತ್ತು ಪಾಲು.

ಉತ್ತರದ ಇನ್ನೊಂದು ಭಾಗ ಅಲೆಯ ಉದ್ದದಲ್ಲಿದೆ. ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ಅಲೆ ಎದ್ದು ಬೀಳುತ್ತದೆ ಎಂಬುದೇ ಮೆಗಾಹರ್ಟ್ಸ್. 300ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. 700 ಮೆಗಾಹರ್ಟ್ಸ್ ಅಲೆ 43 ಸೆಂಟಿಮೀಟರ್, ಸುಮಾರು ಒಂದು ಮೊಳ. 900ರದು ಸುಮಾರು ಒಂದು ಅಡಿ. 2100ರದು 14 ಸೆಂಟಿಮೀಟರ್, ಗೇಣಿಗಿಂತ ಕಡಿಮೆ. 5ಜಿಗೆ ಹೆಚ್ಚಾಗಿ ಬಳಸುವ 3500ರ ಆಸುಪಾಸಿನದು ನಾಲ್ಕು ಬೆರಳಗಲ. ಮೊಳದುದ್ದದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಇಳಿಯುತ್ತದೆ, ಗೋಡೆ ಮರಗಳ ನಡುವೆ ನುಸುಳುತ್ತದೆ. ನಾಲ್ಕು ಬೆರಳಿನ ಅಲೆ ಹೆಚ್ಚು ಸರಕು ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ನೀರು ಹಿಡಿದ ಎಲೆಯೆಂದರೆ ಅದಕ್ಕೆ ಆಗದು. ಸಿಲ್ವರ್ ಓಕ್, ಹಲಸು, ಅತ್ತಿ, ಕೆಳಗೆ ಕಾಫಿ, ಮೇಲೆ ಹಬ್ಬಿದ ಮೆಣಸಿನ ಬಳ್ಳಿ, ಜೊತೆಗೆ ಜುಲೈ ತಿಂಗಳ ಮಳೆ. ಬಿಸಿಲಿನಿಂದ ಕಾಫಿಯನ್ನು ಕಾಪಾಡುವ ನೆರಳೇ ಸಿಗ್ನಲ್ಲಿಗೂ ನೆರಳು. ಮರಗಸಿ ಮಾಡಿದ ಮೇಲೆ ಸಿಗ್ನಲ್ ಚೂರು ಸುಧಾರಿಸಿತೆಂದು ಒಬ್ಬರು ಹೇಳಿದಾಗ ನಾವು ನಕ್ಕಿದ್ದೆವು. ನಗಬಾರದಿತ್ತು.

ಆದುದರಿಂದ 'ನಮ್ಮೂರಿಗೆ 5ಜಿ ಬೇಕು' ಎಂದು ಅರ್ಜಿ ಬರೆಯುವಾಗ ಯೋಚಿಸಬೇಕು. 5ಜಿ ನಮ್ಮ ದೇಶದಲ್ಲಿ ಆರಂಭವಾದುದು 2022ರ ಅಕ್ಟೋಬರ್ 1ರಂದು. ಹೆಸರು ಹೊಸದಾದ ಮಾತ್ರಕ್ಕೆ ಕಣಿವೆಗೆ ಇಳಿಯುವುದಿಲ್ಲ. ನಮಗೆ ಬೇಕಾದುದು ಕಡಿಮೆ ಮೆಗಾಹರ್ಟ್ಸ್‌ನ, ಹತ್ತಿರದ, ವಿದ್ಯುತ್ ಹೋದರೂ ಬದುಕುವ 4ಜಿ. 2022ರ ಜುಲೈನಲ್ಲಿ ಕೇಂದ್ರ ಸಂಪುಟವು ಸಿಗ್ನಲ್ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ 26,316 ಕೋಟಿ ರೂಪಾಯಿ ಮಂಜೂರು ಮಾಡಿತು, ಕೆಲಸ ಬಿ.ಎಸ್.ಎನ್.ಎಲ್.ಗೆ. ಅದರ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಅರ್ಜಿ ಹಾಕುವಾಗ ಹಿಡಿಯಬೇಕಾದ ದಾರಿ ಇದು.

ಮೂಟೆಗಳ ಲೆಕ್ಕ

ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ದಿನಗಳಲ್ಲಿ ನಮ್ಮ ಮಾತಿಗಾಗಿ ಒಂದು ತಂತಿಯನ್ನು ಕೊನೆಯವರೆಗೆ ಕಾದಿರಿಸುತ್ತಿದ್ದರು. ಈಗಿನ ಡೇಟಾ ಹೋಗುವ ರೀತಿ ಬೇರೆ. ಸಂಘದಿಂದ ನೂರು ಮೂಟೆ ಅಡಿಕೆಯನ್ನು ಮಂಡಿಗೆ ಕಳಿಸುವಾಗ ಪ್ರತಿ ಮೂಟೆಗೂ ನಂಬರು, ವಿಳಾಸ ಬರೆದು ಯಾವ ಲಾರಿಯಲ್ಲಿ ಜಾಗವಿದೆಯೋ ಅದಕ್ಕೆ ಹಾಕುತ್ತೇವಲ್ಲ, ಹಾಗೆ. ಚಿತ್ರವೊಂದನ್ನು ಸಾವಿರಾರು ಚಿಕ್ಕ ಮೂಟೆಗಳಾಗಿ ಒಡೆದು ಕಳಿಸುತ್ತಾರೆ. ಆ ತುದಿಯಲ್ಲಿ ಎಣಿಸುತ್ತಾರೆ. 37ನೆಯದು ಬಾರದಿದ್ದರೆ ಅದೊಂದನ್ನೇ ಮತ್ತೆ ಕೇಳುತ್ತಾರೆ.

ತಂತಿಯಿಲ್ಲದೆ ಹೀಗೆ ಕಳಿಸುವುದನ್ನು ಮೊದಲು ಮಾಡಿ ತೋರಿಸಿದ್ದು ಹವಾಯಿ ದ್ವೀಪಗಳಲ್ಲಿ, 1971ರಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಸಮುದ್ರದಾಚೆಯ ದ್ವೀಪಗಳನ್ನೂ ಕಂಪ್ಯೂಟರಿಗೆ ಜೋಡಿಸಲು 'ಅಲೋಹಾನೆಟ್' ಕಟ್ಟಿದರು. ಎಲ್ಲರಿಗೂ ಒಂದೇ ಅಲೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ. ಡಿಕ್ಕಿಯಾದರೆ ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಹೇಳುವುದು ಅವರು ಮಾಡಿಕೊಂಡ ನಿಯಮ. ಮನೆಯ ವೈ-ಫೈ ಇಂದಿಗೂ ಈ ನಿಯಮದ ಮೊಮ್ಮಗನನ್ನೇ ಪಾಲಿಸುತ್ತದೆ. ಮಲೆನಾಡಿನ ಒಂಟಿ ಮನೆಗಳೂ ಒಂದು ಬಗೆಯಲ್ಲಿ ದ್ವೀಪಗಳೇ ಅಲ್ಲವೇ?

ಮೂಟೆ ಎಷ್ಟೆಂಬುದರ ಮೇಲೆ ಎಲ್ಲ ನಿಂತಿದೆ. ಮೂರು ಮೆಗಾಬೈಟಿನ ಒಂದು ಫೋಟೋವನ್ನು ಸೆಕೆಂಡಿಗೆ 40 ಕಿಲೋಬಿಟ್ ಸಾಗಿಸುವ ಹಳೆಯ 2ಜಿ ದಾರಿಯಲ್ಲಿ ಕಳಿಸಿದರೆ ಹತ್ತು ನಿಮಿಷ ಬೇಕು. ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಹೋಗುವ 4ಜಿಯಲ್ಲಿ ಆರು ಸೆಕೆಂಡು. ಹತ್ತು ನಿಮಿಷ ಕಡಿಯದ ಸಿಗ್ನಲ್ ನಮ್ಮ ತೋಟದಲ್ಲಿ ಎಲ್ಲಿದೆ? ಆದರೆ ಇನ್ನೂರು ಅಕ್ಷರದ ಒಂದು ಸಂದೇಶ ಅದೇ ಬಡ ದಾರಿಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ.

ಇದಕ್ಕೆ ನಮ್ಮ ಪಂಚಾಯಿತಿಯಲ್ಲೇ ಉದಾಹರಣೆಯಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕ ಸೌರಫಲಕದಿಂದ ನಡೆದು, ಮಳೆಯ ಅಂಕಿಯನ್ನು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುವಂತಹುದು. ಅದರ ಮೂಟೆ ಚಿಕ್ಕದು. ಆದುದರಿಂದ ಬಡ ಸಿಗ್ನಲ್ಲಿನಲ್ಲೂ ನಡೆಯುತ್ತದೆ. ಅಡಿಕೆ ಮತ್ತು ಮೆಣಸಿನ ಹವಾಮಾನ ಆಧಾರಿತ ವಿಮೆಯ ಹಣ ಈ ಮಾಪಕಗಳ ಅಂಕಿಯ ಮೇಲೆಯೇ ನಿಂತಿರುವುದರಿಂದ, ಅದು ಮರದ ಮರೆಗೆ ಸಿಕ್ಕಿದೆಯೇ, ಫಲಕದ ಮೇಲೆ ಎಲೆ ಬಿದ್ದಿದೆಯೇ ಎಂದು ದಾರಿಯಲ್ಲಿ ಹೋಗುವಾಗ ನೋಡಿ, ಕಂಡರೆ ಪಂಚಾಯಿತಿಗೆ ಬರೆದು ತಿಳಿಸುವುದು ನಮ್ಮ ಹಿತಕ್ಕೇ ಒಳ್ಳೆಯದು. ತಾವೇ ಹತ್ತಿ ಮುಟ್ಟಲು ಹೋಗಬಾರದು.

ಭಾಲ್ಕಿಯಲ್ಲಿ ಗೆರೆ ತುಂಬಿಯೂ ಬಾರದ ಇಂಟರ್‌ನೆಟ್

ಮೂರನೆಯ ದಿನ ಕಾರಂಜಾ ಜಲಾಶಯ ನೋಡಿ ಭಾಲ್ಕಿಗೆ ಬಂದೆವು. ಬೀದರಿನಿಂದ ಸುಮಾರು 40 ಕಿಲೋಮೀಟರ್. ಬಸ್ ನಿಲ್ದಾಣದಲ್ಲಿ ಶಾಲೆ ಕಾಲೇಜು ಬಿಟ್ಟ ಹೊತ್ತು. ಟವರು ಕಣ್ಣೆದುರಿಗೇ ಇದೆ, ಫೋನಿನಲ್ಲಿ ಗೆರೆ ತುಂಬಿದೆ, ಆದರೆ ಊರಿನ ಧಾರಣೆ ಪಟ್ಟಿ ತೆರೆಯುವುದಿಲ್ಲ! ಹೊಲದಲ್ಲಿ ಕಲಿತ ಪಾಠ ಇಲ್ಲಿ ತಲೆಕೆಳಗಾಯಿತೆಂದು ನಾವು ಗೊಣಗಿದೆವು.

ಕಾರಣ ಎರಡಿರಬಹುದು ಎಂದ ಹುಡುಗ. ಒಂದು, ಟವರಿನ ಡೇಟಾ ಕೆರೆಯ ನೀರಿನಂತೆ. ತೂಬು ಒಂದೇ, ಅಚ್ಚುಕಟ್ಟಿನವರೆಲ್ಲ ಒಂದೇ ಹೊತ್ತಿಗೆ ಮಡೆ ತೆಗೆದರೆ ಯಾರ ಗದ್ದೆಗೂ ಸಾಲದು. ಗೆರೆ ತೋರಿಸುವುದು ತೂಬು ಎಷ್ಟು ಹತ್ತಿರವಿದೆ ಎಂಬುದನ್ನು. ನೀರು ಎಷ್ಟು ಪಾಲು ಸಿಗುತ್ತದೆ ಎಂಬುದನ್ನಲ್ಲ. ಬೆಳಿಗ್ಗೆ ಐದಕ್ಕೆ ಚಕಚಕನೆ ಹೋಗುವ ಅರ್ಜಿ ಸಂಜೆ ಏಳಕ್ಕೆ ಹೋಗದಿರುವುದು ಇದರಿಂದಲೇ.

ಎರಡನೆಯದನ್ನು ಅವನು ಬೀದರಿನ ನೌಬಾದಿನಲ್ಲಿ ತೋರಿಸಿದ್ದ. ಅಲ್ಲಿ ಬಹಮನಿ ಅರಸರ ಕಾಲದ ಕಾರೇಜ್ ಇದೆ. ಜನ ಸುರಂಗ ಬಾವಿ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಸಾಲಾಗಿ ಬಾವಿಯ ಬಾಯಿಗಳು; ನೀರು ಹರಿಯುವುದು ಅವುಗಳನ್ನು ಜೋಡಿಸಿದ ನೆಲದಡಿಯ ಸುರಂಗದಲ್ಲಿ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟದವರಿಗೆ ಸುರಂಗದ ನೀರು ಹೊಸದಲ್ಲ. ಮೊಬೈಲ್ ಜಾಲವೂ ಹೀಗೆಯೇ. 'ತಂತಿಯಿಲ್ಲದ್ದು' ಎಂಬುದು ಫೋನಿನಿಂದ ಟವರಿನವರೆಗೆ ಮಾತ್ರ. ಟವರಿನಾಚೆ ನೆಲದಡಿಯ ಗಾಜಿನ ಎಳೆಯ ಕೇಬಲ್ಲು, ಇಲ್ಲವೇ ಟವರಿನಿಂದ ಟವರಿಗೆ ಮುಖಮಾಡಿದ ಡೋಲಿನಾಕಾರದ ಆಂಟೆನಾ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಡಿದರೆ ಟವರು ಉರಿಯುತ್ತಲೇ ಇರುತ್ತದೆ, ಗೆರೆ ತುಂಬಿಯೇ ಇರುತ್ತದೆ. ಸುರಂಗ ಕುಸಿದ ಬಾವಿಯಂತೆ ನೀರು ಮಾತ್ರ ಬಾರದು. ನಮ್ಮಲ್ಲಿ ಕೇಬಲ್ಲನ್ನು ಹಲವೆಡೆ ಕಂಬದ ಮೇಲೆ ಎಳೆದಿರುವುದರಿಂದ ಜೆಸಿಬಿಯ ಕೆಲಸವನ್ನು ಮರಗಳೇ ಮಾಡುತ್ತವೆ.

ಇನ್ನು ಬೂಸ್ಟರ್

ಈಗ ನಮ್ಮದೇ ತಪ್ಪಿನ ಕತೆ. 2019ರಲ್ಲಿ ಪೇಟೆಯ ಅಂಗಡಿಯೊಂದರಿಂದ ಹನ್ನೆರಡು ಸಾವಿರ ಕೊಟ್ಟು ನಾವೂ ಒಂದು ಪೆಟ್ಟಿಗೆ ತಂದಿದ್ದೆವು. ಹೊರಗೆ ಒಂದು ಆಂಟೆನಾ, ಒಳಗೆ ಒಂದು. ತಿಂಗಳ ಕಾಲ ಮನೆಯಲ್ಲಿ ಸಿಗ್ನಲ್ಲಿನ ಸುಗ್ಗಿ. ಆಮೇಲೆ ಒಂದು ಮಧ್ಯಾಹ್ನ ಮೊಬೈಲ್ ಕಂಪನಿಯ ಇಬ್ಬರು ತಂತ್ರಜ್ಞರು ಕೈಯಲ್ಲಿ ಆಂಟೆನಾ ಹಿಡಿದು, ನಾಯಿ ಮೂಸುವಂತೆ ಹುಡುಕುತ್ತ, ನಮ್ಮ ಅಂಗಳಕ್ಕೇ ಬಂದರು. ಪೆಟ್ಟಿಗೆ ಆರಿಸಿ ಎಂದರು. ಕಣಿವೆಯ ಟವರಿಗೆ ಯಾರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ.

ಟವರು ಬರೀ ಬಾಯಲ್ಲ, ಕಿವಿಯೂ ಹೌದು. ಊರಿನ ಫೋನುಗಳ ಐದನೆಯ ಒಂದು ವಾಟಿನ ಪಿಸುಮಾತುಗಳನ್ನು ಅದು ಕಿವಿಗೊಟ್ಟು ಕೇಳುತ್ತಿರುತ್ತದೆ. ಅಗ್ಗದ ಬೂಸ್ಟರ್ ನಮ್ಮ ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಆ ಕಿವಿಗೆ ಊದುತ್ತದೆ. ಹೊರಗಿನ ಒಳಗಿನ ಆಂಟೆನಾಗಳು ಒಂದನ್ನೊಂದು ಕೇಳಿಸಿಕೊಂಡರಂತೂ, ಯಕ್ಷಗಾನದ ಮೈಕು ಸ್ಪೀಕರಿಗೆ ಎದುರಾದಾಗ ಕುಂಯ್ಯೆಂದು ಅರಚುತ್ತದಲ್ಲ, ಅದೇ ಅರಚಾಟ; ನಮ್ಮ ಕಿವಿಗೆ ಕೇಳದು, ಟವರಿಗೆ ಕೇಳುತ್ತದೆ. ಆ ತಿಂಗಳಲ್ಲೇ ಕೆಳಗಿನ ಮನೆಯವರು ಹಾವು ಕಚ್ಚಿದ ಆಳಿಗಾಗಿ 108ಕ್ಕೆ ಕರೆ ಮಾಡಲು ಅರ್ಧ ಗಂಟೆ ಪರದಾಡಿದ್ದರು. ಆಳು ಬದುಕಿದ. ಕಾರಣ ನಮ್ಮ ಪೆಟ್ಟಿಗೆಯೇ ಎಂದು ಹೇಳಲಾರೆವು. ಅಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಅಂತಹ ನೂರು ಪೆಟ್ಟಿಗೆಗಳನ್ನು ಸಂಘವೇ ಹಂಚಿದ್ದರೆ ಏನಾಗುತ್ತಿತ್ತು? 2019ರ ಆ ಪ್ರಸಂಗ ನೆನಪಿದ್ದೂ ಸಭೆಯಲ್ಲಿ ತಲೆಯಾಡಿಸಿದೆವಲ್ಲ ಎಂಬುದೇ ನಮಗೆ ಬೇಸರ. ಹೊಸ ಪೆಟ್ಟಿಗೆ ಬೇರೆ ತರಹ ಇರಬಹುದೆಂದು ನಂಬಿದ್ದೆವು. ಕಾನೂನೂ ಸ್ಪಷ್ಟ. ಪರವಾನಗಿಯಿಲ್ಲದೆ ಇಂತಹ ಸಾಧನ ಇಟ್ಟುಕೊಳ್ಳುವುದು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನು ಬಿಟ್ಟಿಲ್ಲ. ಬಿಲ್ಲು ಕೊಟ್ಟು ಮಾರುತ್ತಾರೆ ಎಂಬುದು ರಕ್ಷಣೆಯಲ್ಲ.

ಹಾಗಾದರೆ ಗತಿಯೇನು? ಕೇಬಲ್ ಮುಟ್ಟಿರುವ ಮನೆಗೆ ವೈ-ಫೈ ಕಾಲಿಂಗ್ ಒಳ್ಳೆಯ ದಾರಿ. ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ತೆರೆದರೆ, ಟವರಿನ ಗೆರೆ ಒಂದೂ ಇಲ್ಲದಿದ್ದರೂ ಮಾಮೂಲಿ ನಂಬರಿನಿಂದಲೇ ಕರೆ ಬಂದು ಹೋಗುತ್ತದೆ; ಎಷ್ಟೋ ಫೋನುಗಳಲ್ಲಿ ಓಟಿಪಿಯೂ ಬರುತ್ತದೆ. ಕೇಬಲ್ ಇಲ್ಲದ, ಆದರೆ ಗುಡ್ಡದ ಮೇಲೆ ಸಿಗ್ನಲ್ ಇರುವ ಮನೆಗೆ ಸಿಮ್ ಹಾಕುವ ಅನುಮೋದಿತ ರೂಟರನ್ನು ನೆತ್ತಿಯಲ್ಲಿಟ್ಟು, ಅಲ್ಲಿಂದ ಮನೆಗೆ ಎದುರುಬದುರಾದ ಎರಡು ಚಿಕ್ಕ ವೈ-ಫೈ ಡಿಶ್‌ಗಳಿಂದ ಇಳಿಸಬಹುದು. ಇದು ಹಳೆಯ ಬಿದಿರುಗಳದ ವಿದ್ಯೆಯೇ. ರೂಟರು ಒಂದು ಫೋನಿನಂತೆ ತನ್ನ ಸರದಿಗೆ ಮಾತ್ರ ಮಾತಾಡುತ್ತದೆ, ಬೂಸ್ಟರಿನಂತೆ ಗದ್ದಲ ಊದುವುದಿಲ್ಲ. ಆದರೆ ಎರಡು ಡಿಶ್‌ಗಳ ನಡುವೆ ಒಂದು ಕೊಂಬೆಯೂ ಅಡ್ಡ ಬರಬಾರದು, ಮತ್ತು ಸಿಡಿಲಿಗೆ ಅರ್ಥಿಂಗ್ ಬೇಕೇ ಬೇಕು.

ಬೆಳೆ ಸಮೀಕ್ಷೆಯ ವಿಷಯದಲ್ಲಿ ಒಂದು ಗೊಂದಲ ನಿವಾರಿಸಬೇಕು. ಜಾಗ ತೋರಿಸುವ ಜಿಪಿಎಸ್‌ಗೂ ಟವರಿಗೂ ಸಂಬಂಧವಿಲ್ಲ. ಅದು 20,000 ಕಿಲೋಮೀಟರಿಗೂ ಮೇಲಿರುವ ಉಪಗ್ರಹಗಳ ಮಾತನ್ನು ಬರೀ ಕೇಳಿಸಿಕೊಳ್ಳುತ್ತದೆ, ಡೇಟಾ ಖರ್ಚಿಲ್ಲ. ಸಿಗ್ನಲ್ ಇಲ್ಲದ ತೋಟದಲ್ಲೂ ಆಕಾಶ ಕಾಣುವ ಕಡೆ ಕೆಲವು ನಿಮಿಷ ನಿಂತರೆ ಜಾಗ ಸಿಗುತ್ತದೆ. ಆದುದರಿಂದ ಮನೆಯಲ್ಲೋ ಸಂಘದಲ್ಲೋ ವಿವರ ಇಳಿಸಿಕೊಂಡು, ತೋಟದಲ್ಲಿ ಚಿತ್ರ ತೆಗೆದು, ಮರುದಿನ ಬೆಳಿಗ್ಗೆ ಸಿಗ್ನಲ್ ಇರುವಲ್ಲಿಂದ ಕಳಿಸಬಹುದು. ಅಪ್‌ಲೋಡ್ ಆಯಿತೆಂಬ ಸಂದೇಶ ಕಾಣುವವರೆಗೆ ಚಿತ್ರ ಅಳಿಸಬೇಡಿ. ತುರ್ತಿಗೆ 112 ನೆನಪಿರಲಿ. ನಿಮ್ಮ ಕಂಪನಿಯ ಗೆರೆ ಇಲ್ಲದಿದ್ದರೂ, ಬೇರೆ ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ ಆ ಕರೆ ಹೋಗುತ್ತದೆ.

ಬೂಸ್ಟರಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಸಂಘದ ಗೋದಾಮಿನ ಜಗಲಿಯಲ್ಲಿ ಇನ್ವರ್ಟರ್ ಸಹಿತ ವೈ-ಫೈ ಹಾಕಿಸುವ ಪ್ರಸ್ತಾವವನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ. ಟವರಿಗಾಗಿ ಒಟ್ಟಾಗಿ ಅರ್ಜಿಯನ್ನೂ ಕಳಿಸುವುದಿದೆ. 'ಸಿಗ್ನಲ್ ಇಲ್ಲ' ಎಂದಷ್ಟೇ ಬರೆದರೆ ಕಡತದಲ್ಲಿ ಮಲಗುತ್ತದೆ, ಅಂಕಿ ಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಹಿಂದೆ ಋಣಚಿಹ್ನೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ. ಹತ್ತು ಇಳಿದರೆ ಹತ್ತು ಪಾಲು ಕಡಿಮೆ. -85 ಚೆನ್ನ, -115 ಎಂದರೆ ಅದರ ಸಾವಿರದಲ್ಲಿ ಒಂದು ಪಾಲು.

ಪ್ರತಿ ಸದಸ್ಯರೂ ಅಂಗಳ, ಅಡಿಕೆ ತೋಟ, ಗುಡ್ಡದ ನೆತ್ತಿ ಈ ಮೂರು ಕಡೆ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಏಳಕ್ಕೆ, ಒಂದು ವಾರ ಈ ಅಂಕಿಯನ್ನು ಬರೆಯಿರಿ. ಜೊತೆಗೆ ಕಂಪನಿಯ ಹೆಸರು, ಸರ್ವೆ ನಂಬರು, ಆ ಹೊತ್ತಿಗೆ ವಿದ್ಯುತ್ ಇತ್ತೇ ಇಲ್ಲವೇ ಎಂಬುದನ್ನು ಸೇರಿಸಿ. ಬರೆಯಲು ರೂಲು ಎಳೆದ ಹಾಳೆಗಳನ್ನು ಗೊಬ್ಬರದ ಕೌಂಟರಿನಲ್ಲಿ ಇಟ್ಟಿದ್ದೇವೆ. ತುಂಬಿಸಿದ ಹಾಳೆಗಳು ಈ ತಿಂಗಳ ಕೊನೆಯ ಶನಿವಾರದೊಳಗೆ ಕಚೇರಿ ತಲುಪಲಿ. ನೆಟ್‌ವರ್ಕ್ ಕಲ್ಲಿನ ಹಿರಿಯರ ಹಾಳೆ ಈಗಾಗಲೇ ಬಂದಿದೆ: ಅಂಗಳದಲ್ಲಿ -121, ಕಲ್ಲಿನ ಮೇಲೆ -98.